ಕೂತಲ್ಲಿಗೇ ಬರುವ ತಾಣಗಳು

ಗ್ರಂಥಾಲಯದ ಪತ್ರಿಕಾ ವಿಭಾಗದ ಗುಮಾಸ್ತರಿಗೆ ಒಂದು ಜಂಬವಿತ್ತು. ಇಂಟರ್ನೆಟ್ಟಿನಲ್ಲಿ ಅವರು ಯಾವ ತಾಣವನ್ನೂ ಹುಡುಕಿಕೊಂಡು ಹೋಗುವವರಲ್ಲ! ಮನೆಯ ಕಂಪ್ಯೂಟರಿನಲ್ಲಿ ಫೀಡ್ ರೀಡರ್ ಇಟ್ಟುಕೊಂಡಿದ್ದರು. ಮೆಚ್ಚಿನ ತಾಣದ ವಿಳಾಸವನ್ನು ಅದಕ್ಕೆ ಒಮ್ಮೆ ಸೇರಿಸಿದರೆ ಮುಗಿಯಿತು, ಅಲ್ಲಿ ಹೊಸದೇನು ಬರೆದರೂ ಪೂರ್ತಿ ಬರಹ ತಾನಾಗಿ ಇಲ್ಲಿಗೆ ಬಂದು ಬೀಳುತ್ತಿತ್ತು.

"ನೀವೆಲ್ಲ ಅಲೀರಿ, ನಾನು ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿರ್ತೀನಿ" ಎಂದು ಜೊತೆಯವರ ತಲೆ ತಿನ್ನುತ್ತಿದ್ದರು.

ಅವರ ಪಟ್ಟಿಯಲ್ಲಿ ನೂರಹನ್ನೆರಡು ತಾಣಗಳು. ಹಡಗು, ಹವಾಮಾನ, ಹಳೆಯ ಕ್ಯಾಮೆರಾ, ಹೀಗೆ. ಕೊನೆಯಲ್ಲಿ, 'ಇತರೆ' ಎಂಬ ಗುಂಪಿನಲ್ಲಿ, ತಂಗಿಯ ತಾಣ.

ತಂಗಿ ಹೊಲಿಗೆ ಮೆಷಿನ್ ರಿಪೇರಿ ಮಾಡುವವಳು. ಎರಡು ವರ್ಷದ ಹಿಂದೆ ಅವಳು ತಾಣ ತೆರೆದಾಗ ಗುಮಾಸ್ತರು ನೆಂಟರೆಲ್ಲರ ಎದುರಿಗೆ, "ನಿನ್ನ ಸೂಜಿ ದಾರದ ಪುರಾಣ ಯಾರು ಓದ್ತಾರೆ ತಾಯಿ?" ಎಂದು ನಕ್ಕಿದ್ದರು. ಅವಳು ಎದ್ದು ಹೋದವಳು ಮತ್ತೆ ಮಾತಾಡಲಿಲ್ಲ. ಅವಳು ಮೊಂಡಿಯಾದರೆ ಇವರೇನು ಕಡಿಮೆಯೇ? ಇವರೂ ಬಾಯಿಗೆ ಬೀಗ ಹಾಕಿಕೊಂಡರು.

ಆದರೆ ಅವಳು ಬರೆದದ್ದನ್ನು ಒಂದಕ್ಷರ ಬಿಡದೆ ಓದಿದರು. ಹೊಲಿಗೆ ತಪ್ಪುತ್ತಿದ್ದ ಮೆಷಿನ್ನಿನ ಬಾಬಿನ್ ಕೆಳಗೆ ಯಾವುದೋ ಮಗುವಿನ ಹಾಲುಹಲ್ಲು ಸಿಕ್ಕಿದ್ದನ್ನು ಓದಿ ಚಹಾ ನೆತ್ತಿಗೇರುವಷ್ಟು ನಕ್ಕರು. ಚೆನ್ನಾಗಿದೆ ಎಂದು ಹೇಳುವುದೇ? ಅಯ್ಯೋ, ಅಣ್ಣನ ಮರ್ಯಾದೆ ಏನಾಗಬೇಕು!

ಒಂದು ಶನಿವಾರ ಬೆಳಿಗ್ಗೆ ಅವಳ ಹೊಸ ಬರಹ ಬಂದು ಬಿತ್ತು. ನಾಲ್ಕೇ ಸಾಲು. 'ಎರಡು ವರ್ಷ, ಎಪ್ಪತ್ತೊಂದು ಬರಹ. ಭೇಟಿ ಕೊಟ್ಟವರ ಸಂಖ್ಯೆ ಸೊನ್ನೆ. ಅಣ್ಣ ಹೇಳಿದ್ದೇ ನಿಜ. ನಾಳೆ ಎಲ್ಲವನ್ನೂ ಅಳಿಸುತ್ತೇನೆ.'

ಗುಮಾಸ್ತರಿಗೆ ಆಗ ಹೊಳೆಯಿತು. ಫೀಡಿನಲ್ಲಿ ಓದಿದವರನ್ನು ಅವಳ ತಾಣ ಎಣಿಸುವುದೇ ಇಲ್ಲ! ಎರಡು ವರ್ಷ ಅವರು ಅವಳ ಪಾಲಿಗೆ ಇರಲೇ ಇಲ್ಲ. ಮರ್ಯಾದೆಯನ್ನು ಗಾಳಿಗೆ ತೂರಿ ಫೋನ್ ಮಾಡಿದರು.

"ಅಳಿಸ್ಬೇಡ ಕಣೇ! ಎಪ್ಪತ್ತೊಂದನ್ನೂ ಓದಿದ್ದೀನಿ."

"ಸುಳ್ಳು ಹೇಳ್ಬೇಡಣ್ಣ. ಒಂದು ನರಪಿಳ್ಳೆನೂ ಬಂದಿಲ್ಲ ಅಲ್ಲಿಗೆ."

"ಹಾಲುಹಲ್ಲು! ಕೊಳಲು ನುಡಿಸೋನ ಮೆಷಿನ್ನು! ಬೆಲ್ಟ್ ಬದಲು ರಿಬ್ಬನ್ ಕಟ್ಟಿದ್ದ ಆ ಟೀಚರಮ್ಮ! ಹೇಳ್ಲಾ ಇನ್ನೂ?"

ಗುಮಾಸ್ತರು ಉತ್ಸಾಹದಿಂದ ಫೀಡಿನ ಮಹಿಮೆ ಬಿಡಿಸಿ ಹೇಳತೊಡಗಿದರು. "ನಾನು ಬರೋ ಅಗತ್ಯವೇ ಇಲ್ಲ ಕಣೇ. ನೀನು ಬರೆದಿದ್ದೆಲ್ಲ ನಾನು ಕೂತಲ್ಲಿಗೇ ಬರುತ್ತೆ."

"ಹೌದಣ್ಣ" ಎಂದಳು ತಂಗಿ. "ನಿನಗೆ ಎಲ್ಲವೂ ನೀನು ಕೂತಲ್ಲಿಗೇ ಬರ್ಬೇಕು. ಹೋದ ವರ್ಷ ಕಾಲು ಮುರ್ಕೊಂಡು ಬಿದ್ದಿದ್ದೆ ಅಂತ ಬರೆದಿದ್ನಲ್ಲ, ಅದನ್ನೂ ಓದಿದ್ಯಾ?"

ಓದಿದ್ದರು. ಅವತ್ತು ಊಟ ಸೇರಿರಲಿಲ್ಲ. ಮಾರನೆಯ ದಿನದಿಂದ, ನಡೆದಾಡುತ್ತಿದ್ದೇನೆ ಎಂದು ಅವಳು ಬರೆಯುವುದನ್ನೇ ಮೂರು ವಾರ ಕಾದಿದ್ದರು. ಇದನ್ನು ಯಾವ ಬಾಯಲ್ಲಿ ಹೇಳುವುದು?

ಗುಮಾಸ್ತರು ಕಂಪ್ಯೂಟರ್ ಹಾಗೇ ಬಿಟ್ಟು ಎದ್ದು ಚಪ್ಪಲಿ ಮೆಟ್ಟಿದರು.

"ಬರ್ತಿದ್ದೀನಿ, ಇರು" ಎಂದರು. ಗೇಟಿನ ತನಕ ಹೋಗಿ ನಿಂತುಬಿಟ್ಟರು. ತಂಗಿ ಇರುವುದು ಮೂರೇ ಬೀದಿ ಆಚೆ ಎಂದಷ್ಟೇ ಗೊತ್ತಿತ್ತು. ಫೋನನ್ನು ಬಾಯಿಯ ಹತ್ತಿರ ಹಿಡಿದು, ಮೆಲ್ಲಗೆ ಕೇಳಿದರು:

"ನಿನ್ನ ಮನೆ ಯಾವುದೇ?"