ಪ್ಲಮ್ಲಿಯವರ ಹೊಲದ ತಡಮೆ

ನಾನು ಒಂದು ತಡಮೆ. ದನಕುರಿಗಳು ದಾಟಬಾರದು, ಮನುಷ್ಯರು ಮಾತ್ರ ದಾಟಬೇಕು ಎಂದು ಬೇಲಿಯ ನಡುವೆ ನಿಲ್ಲಿಸುವ ಮರದ ಮೆಟ್ಟಿಲು. ಪುತ್ತೂರು, ಸುಳ್ಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರು ಹೀಗೆ ಊಹಿಸಿಕೊಳ್ಳಿ: ನೆಲಕ್ಕೆ ಹುಗಿದ ಎರಡು ಗಟ್ಟಿ ಕಂಬ, ಅವುಗಳಿಗೆ ಅಡ್ಡಲಾಗಿ ಎರಡು ಪಟ್ಟಿ, ಪಟ್ಟಿಗಳ ಕೆಳಗಿನಿಂದ ಎರಡೂ ಕಡೆಗೆ ಚಾಚಿಕೊಂಡ ಒಂದು ದಪ್ಪ ಹಲಗೆ. ಹಲಗೆಯ ಮೇಲೆ ಒಂದು ಕಾಲಿಟ್ಟು, ಕಂಬ ಹಿಡಿದು, ಇನ್ನೊಂದು ಕಾಲನ್ನು ಪಟ್ಟಿಯ ಆಚೆಗೆ ಹಾಕಿದರೆ ಆಯಿತು. ಕುರಿಗೆ ಇಷ್ಟು ತಲೆ ಓಡುವುದಿಲ್ಲ. ಕೆಲವು ಮನುಷ್ಯರಿಗೂ ಓಡುವುದಿಲ್ಲ. ಎರಡೂ ಕಾಲನ್ನು ಒಂದೇ ಕಡೆ ಇಟ್ಟು ಮುಂದೇನು ಎಂದು ಯೋಚಿಸುತ್ತ ನಿಂತವರನ್ನು ನೋಡಿ ನಾನು ಎಷ್ಟೋ ಸಲ ಒಳಗೊಳಗೇ ನಕ್ಕಿದ್ದೇನೆ.

ನಾನು ಹುಟ್ಟಿದ್ದು ಇಂಗ್ಲೆಂಡಿನ ಪಶ್ಚಿಮ ಭಾಗದ ಎಲ್ಡರ್‌ಕೂಂಬ್ ಎಂಬ ಹಳ್ಳಿಯಲ್ಲಿ. ಹಾಗಾದರೆ ಕನ್ನಡ ಎಲ್ಲಿ ಕಲಿತೆ ಎಂದು ಕೇಳುತ್ತೀರಿ. ಸ್ವಲ್ಪ ತಾಳಿ, ಅದೇ ನನ್ನ ಕಥೆ.

ಬಿರುಗಾಳಿಗೆ ಉರುಳಿದ ಒಂದು ಓಕ್ ಮರ ನನ್ನ ತಾಯಿ. ಆ ಮರ ಬಿದ್ದ ಜಮೀನಿನ ಯಜಮಾನ ಏಮಸ್ ಪ್ಲಮ್ಲಿ ಅದನ್ನು ಸೀಳಿಸಿ, ಹೊಲದ ಬೇಲಿಯಲ್ಲಿ ನನ್ನನ್ನು ಕಟ್ಟಿಸಿದರು. ಗುಂಡಿ ತೋಡಿದವನು ಅವರ ಮಗ ವಾಲ್ಟರ್. ಆಗಲೇ ಗೂಳಿಯ ಹಾಗೆ ಬೆಳೆದಿದ್ದ, ಮಾತು ಮಾತ್ರ ಕಡಿಮೆ. ಕೊನೆಯ ಮೊಳೆ ಹೊಡೆದ ಮೇಲೆ ಏಮಸ್ ನನ್ನ ತಲೆಯ ಮೇಲೆ ಕೈಯಿಟ್ಟು ಮಗನಿಗೆ ಹೇಳಿದರು. "ಈ ಮೆಟ್ಟಿಲು ನಮ್ಮದು. ಮುರಿದರೆ ನಾವೇ ರಿಪೇರಿ ಮಾಡಿಸಬೇಕು. ದಾರಿ ಮಾತ್ರ ನಮ್ಮದಲ್ಲ. ಇದನ್ನ ಮರೀಬೇಡ."

ವಾಲ್ಟರ್ ತಲೆಯಾಡಿಸಿದ. ನನಗೆ ತಲೆಬುಡ ತಿಳಿಯಲಿಲ್ಲ. ಹೊಲ ಅವರದು, ಬೇಲಿ ಅವರದು, ನಾನೂ ಅವರವನು. ನಡುವೆ ಹಾಯುವ ಗೇಣಗಲದ ದಾರಿ ಮಾತ್ರ ಅವರದಲ್ಲ ಎಂದರೆ ಏನರ್ಥ?

ಆ ದೇಶದ ಜನಕ್ಕೆ ನಡಿಗೆಯ ಹುಚ್ಚು ಎಂಬುದನ್ನು ಮೊದಲು ಹೇಳಬೇಕು. ಕಾರು ಇದ್ದವರೂ ರಜೆಯ ದಿನ ಅದನ್ನು ಎಲ್ಲೋ ನಿಲ್ಲಿಸಿ, ಕೆಸರು ತುಳಿಯುವುದಕ್ಕೆಂದೇ ಬರುತ್ತಾರೆ. ನಮ್ಮೂರಿನ ಸುತ್ತ ಕಾಲುದಾರಿಗಳು ಬೇಕಾದಷ್ಟಿವೆ. ಒಂದು ಗುಡ್ಡದ ನೆತ್ತಿ ಹತ್ತಿ ಇಳಿಯುತ್ತದೆ. ಇನ್ನೊಂದು ಹಳೆಯ ಗಿರಣಿಯನ್ನು ಬಳಸಿ ಹೋಗುತ್ತದೆ. ಮತ್ತೊಂದು ಹೆಂಡದಂಗಡಿಯ ಹಿಂದೆ ಹೊರಟು, ಎಲ್ಲೆಲ್ಲೋ ಸುತ್ತಿ, ಮರಳಿ ಹೆಂಡದಂಗಡಿಗೇ ಬರುತ್ತದೆ. ಅದಕ್ಕೇ ಜನ ಹೆಚ್ಚು. ಆ ದಾರಿಗಳ ಕಂಬಗಳಿಗೆಲ್ಲ ಸರಕಾರದವರು ಹಳದಿ ಬಾಣದ ಗುರುತು ಹೊಡೆದಿದ್ದಾರೆ. ನನ್ನ ದಾರಿ ಚರ್ಚಿನ ಹಿಂದಿನಿಂದ ಪ್ಲಮ್ಲಿಯವರ ಹೊಲ ದಾಟಿ, ಸಣ್ಣ ಕಾಡಿನೊಳಗೆ ನುಗ್ಗಿ, ಹೊಳೆಯ ದಂಡೆಯಲ್ಲಿ ಮುಗಿಯುತ್ತದೆ. ನನಗೆ ಬಾಣ ಇರಲಿಲ್ಲ, ಸರಕಾರದ ನಕ್ಷೆಯಲ್ಲಿ ನನ್ನ ದಾರಿಯೂ ಇರಲಿಲ್ಲ. ಊರಿಗೆಲ್ಲ ಗೊತ್ತಿದ್ದ ದಾರಿ, ಅದನ್ನು ಬರೆಸುವುದೇನು ಬಂತು ಎಂದು ಎಲ್ಲರೂ ಸುಮ್ಮನಿದ್ದರು.

ನಾನು ಜನರನ್ನು ಅಳೆಯುವುದು ಅಂಗಾಲಿನಿಂದ. ಮುಖ ನೋಡುವುದು ಆಮೇಲೆ. ಬೂಟಿನ ಹಿಮ್ಮಡಿ ಸವೆದವರು ಅವಸರದವರು, ಮುಂಭಾಗ ಸವೆದವರು ಹೆದರುಪುಕ್ಕಲರು. ಒಂದು ವಸಂತದ ಬೆಳಿಗ್ಗೆ ನನ್ನ ಹಲಗೆಯ ಮೇಲೆ ಬಂದ ಕಾಲುಗಳು ಮಾತ್ರ ನನ್ನ ಲೆಕ್ಕಕ್ಕೆ ಸಿಗಲಿಲ್ಲ. ಉಣ್ಣೆಯ ಕಾಲುಚೀಲ, ಅದರ ಮೇಲೆ ಚಪ್ಪಲಿ, ಅದರ ಮೇಲೆ ಸೀರೆಯ ಅಂಚು.

"ಇಲ್ಲಿ ನೋಡಿ, ತಡಮೆ," ಎಂದಿತು ಒಂದು ಹೆಣ್ಣು ದನಿ. ಬೆಚ್ಚಗಿನ ಅಂಗೈಯೊಂದು ನನ್ನ ಕಂಬವನ್ನು ಸವರಿತು. "ನಮ್ಮ ಮನೆ ಹಿಂದೆ ಇದ್ದದ್ದು ಹೀಗೆಯೇ ಅಲ್ವಾ?"

"ಅದು ಹಲಸಿನ ಕೊಂಬೆದ್ದು. ಇದು ಎಂತ ಮರವೋ," ಎಂದಿತು ಹಿಂದಿನ ಗಂಡು ದನಿ. "ಜಾಗ್ರತೆ ಮಾರಾಯ್ತಿ, ಸೀರೆ ಸಿಕ್ಕಿಕೊಳ್ತದೆ."

ಅವರು ಕುಸುಮಾವತಿ ಮತ್ತು ಶೇಷಪ್ಪ ಗೌಡ. ಸುಳ್ಯದ ಕಡೆಯಿಂದ ಬಂದವರು. ಆಕೆ ಪಕ್ಕದ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್, ಆತ ಬಸ್ಸಿನ ಡ್ರೈವರ್. ಚರ್ಚಿನ ಹಿಂದಿನ ಸಣ್ಣ ಮನೆಯನ್ನು ಕೊಂಡು ಆಗಷ್ಟೇ ಬಂದಿದ್ದರು. ಅಲ್ಲಿಯತನಕ ನನ್ನ ಮೇಲೆ ಹತ್ತಿ ಇಳಿದವರು ಎಷ್ಟೋ ಮಂದಿ, ಹೆಸರು ಹಿಡಿದು ಮಾತಾಡಿಸಿದವರು ಒಬ್ಬರೂ ಇರಲಿಲ್ಲ. ಅಂದಿನಿಂದ ನಾನು ತಡಮೆಯೇ ಆದೆ.

ಕುಸುಮಾವತಿ ದಿನವೂ ಹೊಳೆಯ ತನಕ ನಡೆದು ಬರುತ್ತಿದ್ದರು. ಶೇಷಪ್ಪನವರಿಗೆ ಬೆಳಗಿನ ಪಾಳಿ ಇದ್ದ ದಿನ ಒಬ್ಬರೇ. ಒಬ್ಬರೇ ಬಂದಾಗ ನನ್ನ ಹಲಗೆಯ ಮೇಲೆ ಕೂತು ನನ್ನ ಜೊತೆ ಮಾತಾಡುತ್ತಿದ್ದರು. ವಾರ್ಡಿನ ಸುದ್ದಿ, ಊರಿನ ಅಕ್ಕನ ಸುದ್ದಿ, ಕಿಟಕಿಯಲ್ಲಿಟ್ಟ ಕರಿಬೇವು ಚಿಗುರಿದ ಸುದ್ದಿ. ಬೇರೆಯವರ ಜೊತೆ ಇಂಗ್ಲಿಷ್, ನನ್ನ ಜೊತೆ ಕನ್ನಡ. ಮರಕ್ಕೆ ಕಿವಿ ಇಲ್ಲ ಎಂದು ಯಾರು ಹೇಳಿದರು? ನನ್ನ ಕನ್ನಡ ಪೂರಾ ಆ ಹಲಗೆಯ ಮೇಲೆ ಕಲಿತದ್ದು.

ಆಕೆಗೆ ಒಂದು ಅಭ್ಯಾಸವಿತ್ತು. ನನ್ನನ್ನು ದಾಟುವ ಮೊದಲು ಹೊಲದಲ್ಲಿ ವಾಲ್ಟರ್ ಇದ್ದಾನೆಯೇ ಎಂದು ನೋಡುವುದು, ಇದ್ದರೆ ಕೂಗಿ ಕೇಳುವುದು: "ಮಿಸ್ಟರ್ ಪ್ಲಮ್ಲಿ, ಈ ದಾರಿಯಲ್ಲಿ ಹೋಗಲೇ?" ಅವರ ಊರಲ್ಲಿ ಇನ್ನೊಬ್ಬರ ಅಂಗಳ ದಾಟುವಾಗ ಒಂದು ಮಾತು ಕೇಳದೆ ಹೋದರೆ ಮರ್ಯಾದೆ ಅಲ್ಲವಂತೆ.

ಅಷ್ಟು ಹೊತ್ತಿಗೆ ಏಮಸ್ ತೀರಿಕೊಂಡು ಹೊಲ ವಾಲ್ಟರನದಾಗಿತ್ತು. ಅವನು ಟೋಪಿ ಎತ್ತುತ್ತಿದ್ದ, ಆಕಾಶ ನೋಡುತ್ತಿದ್ದ. "ಗಾಳಿ ತಿರುಗಿದೆ, ಮಿಸೆಸ್ ಗೌಡ," ಎನ್ನುತ್ತಿದ್ದ. ಇನ್ನೊಂದು ದಿನ, "ನಾಳೆ ಇಬ್ಬನಿ ಗಟ್ಟಿಯಾಗುತ್ತೆ." ಮತ್ತೊಂದು ದಿನ, "ಮೋಡ ಪಶ್ಚಿಮಕ್ಕಿದೆ."

ಒಮ್ಮೆ ಶೇಷಪ್ಪನವರು ನನ್ನ ಮೇಲೆ ಒಂದು ಕಾಲಿಟ್ಟುಕೊಂಡೇ ಕೇಳಿದರು. "ಅವರು ಹೋಗಬಹುದು ಅಂತ ಹೇಳಿದ್ರಾ?"

"ಮೋಡ ಉಂಟು ಅಂತ ಹೇಳಿದ್ರು."

"ಅಂದ್ರೆ?"

"ಹೋಗಬಹುದು ಅಂತಲೇ. ಇಲ್ಲಿಯವರು ಎಲ್ಲದಕ್ಕೂ ಮಳೆ ಬಿಸಿಲನ್ನೇ ಹೇಳುವುದಲ್ವಾ?"

ಹಾಗೆ ನಗುತ್ತಿದ್ದರಾದರೂ ಆಕೆಗೆ ಒಳಗೆ ಸಣ್ಣ ಬೇಸರವಿತ್ತು. ಒಂದು ದಿನ ನನ್ನ ಮೇಲೆ ಕೂತು, "ಒಂದು ಸಲವಾದರೂ ಹೋಗಿ ಅಂತ ಬಾಯಿ ಬಿಟ್ಟು ಹೇಳಿದ್ರೆ ಅವರ ಗಂಟು ಎಂತ ಹೋಗ್ತದೆ?" ಎಂದರು. ನನಗೂ ಹಾಗೆಯೇ ಅನ್ನಿಸಿತ್ತು. ಗುಂಡಿ ತೋಡಿ ನಿಲ್ಲಿಸಿದವನೆಂಬ ಅಭಿಮಾನ ಇದ್ದರೂ ವಾಲ್ಟರ್ ಒಬ್ಬ ಒರಟ ಎಂದು ಆಗಲೇ ತೀರ್ಮಾನಿಸಿಬಿಟ್ಟಿದ್ದೆ.

ವರ್ಷಗಳು ಹೋದವು. ಸೀರೆಯ ಅಂಚಿನ ಜಾಗಕ್ಕೆ ಪ್ಯಾಂಟು ಬಂತು, ಚಪ್ಪಲಿಯ ಜಾಗಕ್ಕೆ ಬೂಟು ಬಂತು. ಪ್ರಶ್ನೆ ಮಾತ್ರ ಬದಲಾಗಲಿಲ್ಲ, ಉತ್ತರವೂ ಬದಲಾಗಲಿಲ್ಲ. ನನ್ನ ಹಲಗೆಯ ನಡುಭಾಗ ಅವರಿಬ್ಬರ ಕಾಲಿನಿಂದ ನುಣುಪಾಗಿ ತಗ್ಗಿತು. ಆಮೇಲೆ ಒಂದು ಚಳಿಗಾಲ, ನನ್ನ ಮೇಲೆ ಒಂದೇ ಜೊತೆ ಬೂಟು ಬರತೊಡಗಿತು. ಶೇಷಪ್ಪನವರು ಎದೆನೋವಿಗೆ ಹೋಗಿಬಿಟ್ಟಿದ್ದರು.

ಅವರ ಬೂದಿಯನ್ನು ಹಿತ್ತಾಳೆಯ ತಂಬಿಗೆಯಲ್ಲಿ ತುಂಬಿಕೊಂಡು ಕುಸುಮಾವತಿ ನನ್ನ ಹತ್ತಿರ ಬಂದ ಬೆಳಿಗ್ಗೆ ಇನ್ನೂ ನೆನಪಿದೆ. ಹೊಳೆಗೆ ಬಿಡಬೇಕೆಂದು ಶೇಷಪ್ಪನವರೇ ಹೇಳಿದ್ದರಂತೆ, ಆ ನೀರು ಸಮುದ್ರಕ್ಕೆ ಸೇರುತ್ತದಲ್ಲ ಎಂದು. ಬೇಲಿಯ ಆಚೆ ವಾಲ್ಟರ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಆ ದಿನವೂ ಆಕೆ ಕೇಳಿದರು.

"ರಾತ್ರಿಯೆಲ್ಲ ಮಳೆ ಇತ್ತು, ಮಿಸೆಸ್ ಗೌಡ. ಇವತ್ತು ಹನಿ ಬೀಳಲ್ಲ," ಎಂದ ವಾಲ್ಟರ್.

ನನಗೆ ಮೈಯೆಲ್ಲ ಉರಿಯಿತು. ಇವತ್ತಾದರೂ ಒಂದು ಹೂಂ ಅನ್ನಬಾರದೇ ಎಂದುಕೊಂಡೆ. ಆದರೆ ಆಕೆ ನನ್ನನ್ನು ದಾಟಿ ಕಾಲಿಟ್ಟದ್ದು ಕೆಸರಿನ ಮೇಲಲ್ಲ. ನನ್ನ ಬುಡದಿಂದ ಹೊಳೆಯ ತನಕ ಒಣಹುಲ್ಲು ಹಾಸಿತ್ತು. ಅದನ್ನು ಹಾಸಿದವನ ಬೂಟು ಮೊಣಕಾಲಿನ ತನಕ ಕೆಸರಾಗಿತ್ತು.

ಆ ದಿನದಿಂದ ಹೊಳೆಯ ದಂಡೆ ಕುಸುಮಾವತಿಯವರಿಗೆ ಗಂಡನ ಜಾಗವಾಯಿತು. ದಿನವೂ ಒಂದೆರಡು ಹೂ ಒಯ್ದು ನೀರಿಗೆ ಬಿಟ್ಟು ಬರುತ್ತಿದ್ದರು. ಅಲ್ಲಿಗೆ ಹೋಗಲು ನನ್ನ ದಾರಿ ಬಿಟ್ಟು ಬೇರೆ ದಾರಿ ಇರಲಿಲ್ಲ.

ವಾಲ್ಟರನಿಗೆ ಮಕ್ಕಳಿರಲಿಲ್ಲ. ಸೊಂಟ ಬಿದ್ದ ಮೇಲೆ ಜಮೀನು ಮಾರಿ, ಊರಾಚೆಯ ವೃದ್ಧರ ಮನೆ ಸೇರಿದ. ಕೊಂಡವರು ಪಟ್ಟಣದಿಂದ ಬಂದ ಡೆಂಟನ್ ಎಂಬವರು. ಕೆಟ್ಟವರಲ್ಲ, ಕುದುರೆಗಳನ್ನು ಮಕ್ಕಳಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತಿದ್ದರು. ನಡೆಯುವವರ ನಾಯಿಗಳಿಗೆ ಅವರ ಕುದುರೆಗಳು ಬೆಚ್ಚುತ್ತಿದ್ದವು. ನಕ್ಷೆ ತೆರೆದು ನೋಡಿದರು, ಅದರಲ್ಲಿ ದಾರಿಯೇ ಇಲ್ಲ. ಮರುದಿನ ನನ್ನ ಕಂಬ, ಪಟ್ಟಿಗಳಿಗೆ ಮುಳ್ಳುತಂತಿ ಸುತ್ತಿಸಿದರು, 'ಖಾಸಗಿ' ಎಂಬ ಹಲಗೆ ತೂಗುಹಾಕಿದರು. ಹೂ ಹಿಡಿದು ಬಂದ ಕುಸುಮಾವತಿ ಆ ಹಲಗೆಯನ್ನು ಎರಡು ಸಲ ಓದಿದರು. ಹೂಗಳನ್ನು ನನ್ನ ಬುಡದಲ್ಲೇ ಇಟ್ಟು ಹಿಂದಿರುಗಿದರು.

ಊರಿನವರು ಸುಮ್ಮನಿರಲಿಲ್ಲ. ಭಾನುವಾರದ ನಡಿಗೆಯ ಗುಂಪನ್ನು ನಡೆಸುವ ಬೆರಿಲ್ ಸರಕಾರಕ್ಕೆ ಅರ್ಜಿ ಹಾಕಿದರು. ಇಪ್ಪತ್ತು ವರ್ಷ ಜನ ಒಂದೇ ಸಮನೆ ನಡೆದ ದಾರಿ ಜನರದಾಗುತ್ತದೆ ಎಂಬ ಕಾನೂನು ಆ ದೇಶದಲ್ಲಿದೆ. ಆದರೆ ಅಷ್ಟು ಕಾಲ ನಡೆದ ಹಳಬರೆಲ್ಲ ಚರ್ಚಿನ ಪಕ್ಕದ ಗೋರಿಗಳಲ್ಲಿ ಮಲಗಿದ್ದರು, ಉಳಿದವರು ಊರಿಗೆ ಹೊಸಬರು. ಗಟ್ಟಿ ಸಾಕ್ಷಿ ಎಂದರೆ ಕುಸುಮಾವತಿ ಒಬ್ಬರೇ.

ವಿಚಾರಣೆಗೆ ಹಾರ್ಗ್ರೀವ್ ಎಂಬ ಅಧಿಕಾರಿಣಿ ಬಂದರು. ದಾರಿಯನ್ನು ಕಣ್ಣಾರೆ ನೋಡಬೇಕೆಂದು ಎಲ್ಲರನ್ನೂ ನನ್ನ ಬಳಿಗೇ ಕರೆತಂದರು. ಡೆಂಟನ್ ಒಂದು ಕಡೆ, ಊರಿನವರು ಇನ್ನೊಂದು ಕಡೆ. ಕುಸುಮಾವತಿ ಎಲ್ಲಕ್ಕೂ ಚೆನ್ನಾಗಿ ಉತ್ತರ ಕೊಟ್ಟರು. ಕೊನೆಗೆ ಹಾರ್ಗ್ರೀವ್ ಒಂದು ಮಾತು ಕೇಳಿದರು.

"ಇಲ್ಲಿ ನಡೆಯುವಾಗ ಹೊಲದವರ ಅನುಮತಿ ಕೇಳಿದ್ದಿರಾ?"

"ದಿನಾ ಕೇಳುತ್ತಿದ್ದೆ," ಎಂದರು ಕುಸುಮಾವತಿ, ತಲೆ ಎತ್ತಿ. "ಕೇಳದೆ ಒಂದು ದಿನವೂ ಹೆಜ್ಜೆ ಇಟ್ಟವಳಲ್ಲ."

ಬೆರಿಲ್ ಕಣ್ಣು ಮುಚ್ಚಿಕೊಂಡರು. ಡೆಂಟನ್ ಮುಖದಲ್ಲಿ ನಗು ಕಾಣಿಸಿತು. ಹಾರ್ಗ್ರೀವ್ ಮೆಲ್ಲಗೆ ಬಿಡಿಸಿ ಹೇಳಿದರು. ಯಾರ ಅಪ್ಪಣೆಯೂ ಪಡೆಯದೆ, ನಮ್ಮದೇ ಎಂಬಂತೆ ನಡೆದರೆ ಮಾತ್ರ ಹಕ್ಕು ಹುಟ್ಟುತ್ತದೆ. ಕೇಳಿ, ಅವರು ಒಪ್ಪಿ, ಆಮೇಲೆ ನಡೆದರೆ ಅದು ಹೊಲದವರ ದಾಕ್ಷಿಣ್ಯ. ದಾಕ್ಷಿಣ್ಯವನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು.

ಕುಸುಮಾವತಿ ನನ್ನ ಹಲಗೆಯ ಮೇಲೆ ಕುಸಿದು ಕೂತರು. "ಎಂತ ಕರ್ಮ," ಎಂದು ಕನ್ನಡದಲ್ಲಿ ಗೊಣಗಿದರು. "ಮರ್ಯಾದೆಗೆ ಕೇಳಿದ್ದೇ ತಪ್ಪಾಯ್ತಲ್ಲ. ನಿಮ್ಮನ್ನು ನೋಡುವ ದಾರಿಯನ್ನು ನಾನೇ ಮುಚ್ಚಿದೆ." ಅದು ಶೇಷಪ್ಪನವರಿಗೆ ಹೇಳಿದ್ದು. ಅಲ್ಲಿ ಅರ್ಥವಾದದ್ದು ನನಗೊಬ್ಬನಿಗೇ. ನಾನು ಮರವಾಗಿ ಹುಟ್ಟಿದ್ದಕ್ಕೆ ಅವತ್ತಿನಷ್ಟು ಸಂಕಟ ಯಾವತ್ತೂ ಪಟ್ಟಿಲ್ಲ.

ಹಾರ್ಗ್ರೀವ್ ಹೊರಡಲು ತಿರುಗಿದವರು ನಿಂತರು. "ನೀವು ಕೇಳಿದಾಗ ಅವರು ಏನು ಹೇಳುತ್ತಿದ್ದರು?"

"ಏನಿಲ್ಲ. ಮಳೆ, ಗಾಳಿ, ಇಬ್ಬನಿ."

"ಹೋಗಿ ಎಂದು?"

"ಒಂದು ದಿನವೂ ಹೇಳಲಿಲ್ಲ."

ಹಾರ್ಗ್ರೀವ್ ಕಾರಿನ ಕೀಲಿಯನ್ನು ಬೆರಿಲ್ ಕೈಗೆ ಕೊಟ್ಟು, ವೃದ್ಧರ ಮನೆಯಿಂದ ವಾಲ್ಟರನನ್ನು ಕರೆತರಲು ಹೇಳಿದರು.

ಗಾಲಿಕುರ್ಚಿಯಲ್ಲಿ ಬಂದ ವಾಲ್ಟರ್ ಅರ್ಧದಷ್ಟಾಗಿದ್ದ. ಮೊದಲು ನನ್ನ ಮೈಮೇಲಿನ ತಂತಿ ನೋಡಿದ, ಆಮೇಲೆ ಕುಸುಮಾವತಿಯವರನ್ನು. ಹಾರ್ಗ್ರೀವ್ ಕೇಳಿದ್ದಕ್ಕೆ ಅವನು ಜೀವಮಾನದಲ್ಲೇ ಅತಿ ಉದ್ದದ ಮಾತಾಡಿದ.

"ಮೆಟ್ಟಿಲು ನಮ್ಮದು, ದಾರಿ ನಮ್ಮದಲ್ಲ ಅಂತ ಅಪ್ಪ ಇಲ್ಲೇ ನಿಂತು ಹೇಳಿದ್ದ. ಹೂಂ ಅಂದಿದ್ದರೆ ದಾರಿ ನನ್ನದಾಗಿಬಿಡ್ತಿತ್ತು. ನನ್ನದಲ್ಲದ್ದನ್ನ ನಾನು ಹೇಗೆ ಕೊಡಲಿ? ಬೇಡ ಅನ್ನೋಕೆ ಬಾಯಿ ಬರಲ್ಲ. ಅದಕ್ಕೇ ಮಳೆ ಗಾಳಿ ಅಂತಿದ್ದೆ." ಅವನು ಕುಸುಮಾವತಿಯವರ ಕಡೆ ತಿರುಗಿದ. "ಊರಲ್ಲಿ ಬೇರೆ ಯಾರೂ ಕೇಳ್ತಿರಲಿಲ್ಲ, ಮಿಸೆಸ್ ಗೌಡ. ನೀವು ದಿನಾ ಕೇಳ್ತಿದ್ರಿ. ದಿನಾ ಹೊಸದಾಗಿ ಏನಾದರೂ ಹುಡುಕಬೇಕಿತ್ತು. ಹೊಲದ ಕೆಲಸಕ್ಕಿಂತ ಅದೇ ಕಷ್ಟ ಆಯ್ತು."

ಕುಸುಮಾವತಿ ನಕ್ಕರು, ನಗುತ್ತಲೇ ಅತ್ತರು. ಒರಟ ಎಂದು ನಾನು ತೀರ್ಮಾನಿಸಿದವನ ಒಣಗಿದ ಕೈಯನ್ನು ಹಿಡಿದುಕೊಂಡರು.

ಕೇಳಿದ್ದುಂಟು, ಅಪ್ಪಣೆ ಕೊಟ್ಟದ್ದಿಲ್ಲ ಎಂದು ಹಾರ್ಗ್ರೀವ್ ಬರೆದುಕೊಂಡರು. ದಾರಿ ಉಳಿಯಿತು. ನಕ್ಷೆಯಲ್ಲಿ ಬರೆದರು, ಹಳದಿ ಬಾಣವೂ ಬಂತು. ಆದರೆ ಆ ಬಾಣ ನನ್ನ ಕಂಬಕ್ಕೆ ಬೀಳಲಿಲ್ಲ. ನನ್ನ ಬುಡ ಕೊಳೆತಿತ್ತು, ಕುಸುಮಾವತಿಯವರ ಮಂಡಿಯೂ ನನ್ನನ್ನು ಹತ್ತುವ ಸ್ಥಿತಿಯಲ್ಲಿರಲಿಲ್ಲ. ಎಲ್ಲರೂ ಸಲೀಸಾಗಿ ಹೋಗಲೆಂದು ಆ ಜಾಗದಲ್ಲಿ ಒಂದು ಕಬ್ಬಿಣದ ಗೇಟು ಹಾಕಿದರು. ಗೆದ್ದ ದಾರಿಯಲ್ಲಿ ನನಗೇ ಜಾಗವಿಲ್ಲ ಎಂದು ಮೊದಲು ಸ್ವಲ್ಪ ಸಿಟ್ಟು ಬಂದದ್ದು ನಿಜ. ಆಮೇಲೆ ಆಕೆ ಕೋಲೂರಿಕೊಂಡು, ಹೂ ಹಿಡಿದು, ಆ ಗೇಟನ್ನು ಒಂದೇ ಬೆರಳಲ್ಲಿ ತಳ್ಳಿ ಹೋದದ್ದನ್ನು ನೋಡಿದೆ. ಸಿಟ್ಟು ಇಳಿಯಿತು.

ನನ್ನನ್ನು ಕಿತ್ತ ದಿನ ಡೆಂಟನ್ ಬಂದರು. "ದಾರಿ ನನ್ನದಲ್ಲ ಅಂತ ಆಯ್ತು. ಈ ಮೆಟ್ಟಿಲಾದರೂ ನನ್ನದೇ ತಾನೆ?" ಎಂದು ನನ್ನ ಹಲಗೆಯನ್ನು ಹೊತ್ತು ತಂದು ಕುಸುಮಾವತಿಯವರ ಬಾಗಿಲಲ್ಲಿ ಇಳಿಸಿದರು. "ಇದನ್ನ ಕೊಡೋ ಹಕ್ಕು ನನಗಿದೆ. ತಗೊಳ್ಳಿ."

ಈಗ ನಾನು ಒಂದು ಕೂರುವ ಹಲಗೆ. ಕುಸುಮಾವತಿ ನನ್ನನ್ನು ಒಳಗಿಟ್ಟುಕೊಳ್ಳಲಿಲ್ಲ. ತಮ್ಮದೇ ಜಾಗದ ಅಂಚಿನಲ್ಲಿ, ಬೇಲಿಯ ಹೊರಗೆ, ದಾರಿಯ ಕಡೆಗೆ ಮುಖ ಮಾಡಿ, ಎರಡು ಕಲ್ಲಿನ ಮೇಲೆ ಇಡಿಸಿದರು. ವಾಲ್ಟರ್ ತೀರಿಹೋಗಿ ಎರಡು ಚಳಿಗಾಲ ಕಳೆದವು. ಮೊದಲು ಅಂಗಾಲು ನೋಡಿ ಜನರನ್ನು ಅಳೆಯುತ್ತಿದ್ದೆ. ಈಗ ಎಲ್ಲರೂ ಕೂತು ನಿಟ್ಟುಸಿರು ಬಿಡುವವರೇ, ಅಳೆಯುವ ಚಪಲ ಹೋಗಿದೆ. ಒಂದೇ ಜಾಗದಲ್ಲಿ ನಿಂತು ಇಷ್ಟು ಜನರನ್ನು ದಾಟಿಸಿದೆ, ನನಗೆ ಅದು ಸಾಕು.

ಮೊನ್ನೆ ಮಧ್ಯಾಹ್ನ ಬೆನ್ನಿಗೆ ಚೀಲ ಹೊತ್ತ ಒಬ್ಬಳು ಹೆಂಗಸು ಸುಸ್ತಾಗಿ ಬಂದಳು. ಬೇಲಿಯ ಒಳಗೆ ಕುಸುಮಾವತಿ ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದರು.

"ಇಲ್ಲಿ ಸ್ವಲ್ಪ ಕೂತುಕೊಳ್ಳಬಹುದಾ?" ಎಂದು ಆಕೆ ಕೇಳಿದಳು.

ಕುಸುಮಾವತಿ ಚೊಂಬು ಕೆಳಗಿಟ್ಟು ತಲೆಯೆತ್ತಿ ಆಕಾಶ ನೋಡಿದರು.

"ಗಾಳಿ ತಿರುಗಿದೆ," ಎಂದರು. "ಸಂಜೆಗೆ ಬಿಸಿಲು ಬರುವ ಹಾಗೆ ಕಾಣುತ್ತದೆ."

ಆ ಹೆಂಗಸೂ ಏನೂ ತಿಳಿಯದೆ ತಲೆಯೆತ್ತಿ ಆಕಾಶ ನೋಡಿದಳು. ಆಮೇಲೆ ಚೀಲ ಇಳಿಸಿ ನನ್ನ ಮೇಲೆ ಕೂತಳು.