ರೇವವ್ವನ ಎದುರು ಎರಡು ಕ್ಯಾಮೆರಾ

ಚರಿತ್ರೆಯ ಕೆಲವು ಪ್ರಶ್ನೆಗಳು ಯುದ್ಧದಲ್ಲಿ ತೀರ್ಮಾನವಾಗಿವೆ, ಕೆಲವು ಕೋರ್ಟಿನಲ್ಲಿ, ಉಳಿದವೆಲ್ಲ ಚಾದಂಗಡಿಯಲ್ಲಿ. ಸಾವಿರದ ಒಂಬೈನೂರ ಎಂಬತ್ತಾರರ ಬೇಸಿಗೆಯಲ್ಲಿ ಮೊರಬದಲ್ಲಿ ಎದ್ದ ಪ್ರಶ್ನೆ ಈ ಯಾವುದಕ್ಕೂ ಬಗ್ಗುವಂಥದ್ದಾಗಿರಲಿಲ್ಲ. ಕನ್ನಡ ಸಾಲಿಯ ಮಡಿವಾಳೆಪ್ಪ ಮಾಸ್ತರರು ಸಣ್ಣ ಕ್ಯಾಮೆರಾ ಇಟ್ಟುಕೊಳ್ಳಬೇಕೋ, ದೊಡ್ಡದೋ? ಊರಿಗೆ ನಳದ ನೀರು ಬರುವ ಮಾತು ಕೂಡ ಕೆಲವು ದಿನ ಇದಕ್ಕೆ ದಾರಿ ಬಿಟ್ಟು ಬದಿಗೆ ಸರಿದು ನಿಂತಿತು.

ಎರಡೂ ಕ್ಯಾಮೆರಾ ಬಂದದ್ದು ನವಲಗುಂದದ ಫಕ್ರುಸಾಬರ ಗಡಿಯಾರ ರಿಪೇರಿ ಅಂಗಡಿಯಿಂದ. ಅವರ ಅಳಿಯ ಕುವೈತಿನಿಂದ ಸೂಟಿಗೆ ಬರುವಾಗ ತಂದವು. ಒಂದನ್ನು ಮಾರುವವನಿದ್ದ, ಒಂದನ್ನು ತಾನೇ ಇಟ್ಟುಕೊಳ್ಳುವವನಿದ್ದ. ಯಾವುದು ಎಂಬುದನ್ನು ಮಾವನಿಗೆ ಬಿಟ್ಟಿದ್ದ. ಮಾವ ಅದನ್ನು ಮಾಸ್ತರರಿಗೆ ಬಿಟ್ಟರು.

"ಎರಡೂ ಒಯ್ರಿ ಮಾಸ್ತರ್ರ," ಎಂದರು ಫಕ್ರುಸಾಬರು, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆ. "ನಾಕ ದಿನ ಮನ್ಯಾಗ ಇಟಗೊಂಡ ನೋಡ್ರಿ. ಯಾವುದು ಕೈಗೆ ಒಗ್ಗತೈತಿ ಅದು ನಿಮ್ಮದು, ಇನ್ನೊಂದ ತಿರುಗಿ ತರ್ರಿ. ಹೆಣ್ಣ ನೋಡೂವಾಗ ನಮಗ ಈ ಸವಲತ್ತ ಯಾರೂ ಕೊಡಲಿಲ್ಲ."

ಸಣ್ಣದು ಸಾಬೂನಿನ ಡಬ್ಬಿಯಷ್ಟಿತ್ತು. ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಮರೆತುಬಿಡಬಹುದು. ಅಳೆಯುವುದು, ತಿರುವುವುದು ಏನಿಲ್ಲ. ಗುಂಡಿ ಒತ್ತಿದರೆ ಆಯಿತು, ಕತ್ತಲಿದ್ದರೆ ತನ್ನ ದೀಪ ತಾನೇ ಹೊತ್ತಿಸಿಕೊಳ್ಳುತ್ತಿತ್ತು. ದೊಡ್ಡದರ ಠೀವಿಯೇ ಬೇರೆ. ಅದಕ್ಕೆ ಚರ್ಮದ ಚೀಲ, ಕೊರಳಿಗೆ ಪಟ್ಟಿ, ಮೂತಿಯ ಸುತ್ತ ಅಂಕಿ ಕೊರೆದ ಬಳೆಗಳು. ಮೂತಿಯ ಆ ಗಾಜಿನ ಕಣ್ಣನ್ನು ತಿರುವಿ ತೆಗೆದು ಬೇರೆ ಕಣ್ಣು ಕೂಡಿಸಬಹುದಂತೆ. ಬೇರೆ ಕಣ್ಣನ್ನು ಅಳಿಯ ತಂದಿರಲಿಲ್ಲ, ಆ ಮಾತು ಬೇರೆ. ಮಾಸ್ತರರು ದೊಡ್ಡದನ್ನು ಕೊರಳಿಗೆ ಹಾಕಿಕೊಂಡೇ ಬಸ್ಸು ಹತ್ತಿದರು. ಕಂಡಕ್ಟರು "ಪೇಪರಿನವರೇನ್ರಿ?" ಎಂದ. ಅವರು ಹೌದೆನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಮೊರಬ ಬರುವಷ್ಟರಲ್ಲಿ ಅವರ ಮಟ್ಟಿಗೆ ಪ್ರಶ್ನೆ ಮುಗಿದಿತ್ತು.

"ಸರ್ವೆ ಮಾಡಾಕ ಬಂದವರಂಗ ಕಾಣಾಕ ಹತ್ತೀರಿ," ಎಂದಳು ಹೆಂಡತಿ ಗೌರಕ್ಕ, ಬಾಗಿಲಲ್ಲೇ.

ಕ್ಯಾಮೆರಾ ಸಾಲಿಗೆ ಬೇಕು ಎಂದು ಅವರು ಊರಿಗೆಲ್ಲ ಹೇಳಿದ್ದರು. ಖರೇ ಕಾರಣ ಪಡಸಾಲೆಯ ಗೋಡೆಯ ಮೇಲೆ ತೂಗುತ್ತಿತ್ತು. ಅದು ಅವರ ಅಪ್ಪ ಈರಪ್ಪನ ಫೋಟೋ. ಮಾಸ್ತರರು ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಹೊಸ ಬಟ್ಟೆ ಉಡಿಸಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಪೇಟೆಯಿಂದ ಫೋಟೋದವನು ಬರುವುದು ಆಗಲೇ. ಬದುಕಿದ್ದಾಗ ಅದಕ್ಕೆಲ್ಲ ಯಾರಿಗೆ ಪುರುಸೊತ್ತು? ಆಮೇಲೆ ಹುಬ್ಬಳ್ಳಿಯ ಪೇಂಟರನೊಬ್ಬ ಆ ಮುಚ್ಚಿದ ರೆಪ್ಪೆಗಳ ಮೇಲೆ ಎರಡು ತೆರೆದ ಕಣ್ಣು ಬರೆದುಕೊಡುತ್ತಾನೆ. ಈರಪ್ಪನಿಗೆ ಬರೆದವನು ಬಣ್ಣಕ್ಕೆ ಹಿಂದುಮುಂದು ನೋಡಿರಲಿಲ್ಲ. ಕಾಲ ಬುಡದಲ್ಲಿ ಚೇಳು ಕಂಡವನ ಹಾಗೆ ಅಗಲವಾಗಿ, ದುಂಡಗೆ ಬೆಚ್ಚಿದ ಕಣ್ಣು.

ಪ್ರತಿ ಸೋಮವಾರ ಗಾಜು ಒರೆಸುವಾಗ ತಾಯಿ ರೇವವ್ವ, "ಇವು ನಿಮ್ಮಪ್ಪನ ಕಣ್ಣಲ್ಲ," ಅನ್ನುವಳು.

"ಮತ್ತ ಹೆಂಗಿದ್ದೂ ಬೇ?"

"ಹೆಂಗ ಹೇಳ್ಲಿ? ಕಣ್ಣು ಕಣ್ಣಿನಂಗ ಇದ್ದೂ." ಇಷ್ಟು ಹೇಳಿ ಒಳಗೆ ಹೋಗುವಳು.

ಆಕೆಗೀಗ ಎಪ್ಪತ್ತು ದಾಟಿತ್ತು. ಒಂದೂ ಫೋಟೋ ಇರಲಿಲ್ಲ. ಹುಬ್ಬಳ್ಳಿಯ ಸ್ಟುಡಿಯೋಕ್ಕೆ ಹೋಗೂಣು ಅಂದಾಗೆಲ್ಲ, "ಅವಸರೇನೈತಿ? ವ್ಯಾಳ್ಯಾ ಬಂದ್ರ ಫೋಟೋದವ ಮನಿಗೇ ಬರ್ತಾನ," ಎಂದು ಕೈ ಝಾಡಿಸಿಬಿಡುವಳು. ತಾಯಿಯ ಕಣ್ಣನ್ನಾದರೂ ಪೇಂಟರನ ಕೈಗೆ ಕೊಡಬಾರದು, ಇದಿಷ್ಟೇ ಮಾಸ್ತರರ ಮನಸ್ಸಿನಲ್ಲಿದ್ದದ್ದು. ಇಂಥದನ್ನು ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳಲು ಬರುವುದಿಲ್ಲ. ಹಾಗಾಗಿ ಸಾಲಿಯ ಹೆಸರು ಹೇಳಿದ್ದರು.

ಐತವಾರ ಮುಂಜಾನೆ ಕೇಳಿದಾಗ ರೇವವ್ವ ಒಂದೇ ಮಾತಿಗೆ ಒಪ್ಪಿದಳು. "ಮನಿಗೇ ಬಂದೈತಲ್ಲ, ಹೊಡಿ," ಎಂದಳು. ಜಳಕ ಮಾಡಿದಳು. ಇಳಕಲ್ಲ ಸೀರೆ ಉಟ್ಟಳು. ಹಣೆ, ತೋಳು, ಕೊರಳಿಗೆಲ್ಲ ವಿಭೂತಿ ಹಚ್ಚಿದಳು. ಪಡಸಾಲೆಯ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ, ಬೆನ್ನು ಗೋಡೆಗೆ ಆನಿಸಿ, ಎರಡೂ ಕೈ ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿಕೊಂಡಳು. ಮಾಸ್ತರರು ದೊಡ್ಡ ಕ್ಯಾಮೆರಾದ ಚೀಲ ಬಿಚ್ಚುತ್ತಿದ್ದರು.

ಅದೇ ಹೊತ್ತಿಗೆ ಬಾಜು ಮನೆಯ ಹನಮವ್ವ ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದಳು. ಬಾಗಿಲು ತುಂಬುವಂಥ ಮೈಯವಳು, ದನಿಯೂ ಮೈಗೆ ತಕ್ಕದ್ದು. ಒಳಗೆ ನೋಡಿದ್ದೇ ತಡ, ಬಟ್ಟಲು ಕೈಬಿಟ್ಟಳು.

"ಯವ್ವಾ ರೇವಕ್ಕಾ! ನಿನ್ನೆ ಸಂಜಿತನಾ ಗಟ್ಟಿ ಇದ್ದೆಲ್ಲ ಬೇ! ಇನ್ನ ನನಗ ಹೆಪ್ಪ ಕೊಡೂವರ್ಯಾರ ಬೇ!"

ರೇವವ್ವ ಒಂದೇ ಕಣ್ಣು ತೆರೆದಳು. "ಹೆಪ್ಪಿಗೆ ಅಳಾಕ ಹತ್ತೀಯೋ ನನಗೋ? ಬಾಜು ಸರಿ, ಫೋಟೋ ತಗ್ಯಾಕ ಹತ್ಯಾರ."

"ಜೀಂವಂತ ಇದ್ದಾಗನ?"

"ಏನ ಮಾಡಬೇಕ, ಮಾಸ್ತರಗ ಸೂಟಿ ಐತಿ." ತೆರೆದ ಕಣ್ಣು ಮತ್ತೆ ಮುಚ್ಚಿತು.

"ಯವ್ವಾ, ಕಣ್ಣ ತಗಿ ಬೇ," ಎಂದರು ಮಾಸ್ತರರು.

"ಯಾಕ? ಫೋಟೋಕ್ಕ ಕಣ್ಣ ಮುಚಗೊಂಡ ಕೂಡತಾರ. ನಾ ನೋಡಿಲ್ಲೇನು? ನಿಮ್ಮಪ್ಪ, ನಿಮ್ಮ ದೊಡ್ಡಪ್ಪ, ನಮ್ಮತ್ತಿ, ಒಬ್ಬರರ ಕಣ್ಣ ತಗದಿದ್ರೇನು? ಕಣ್ಣ ಪೇಂಟರ ಬರೀತಾನ."

"ಅವರೆಲ್ಲ ಸತ್ತಿದ್ರ ಬೇ!"

"ಸತ್ರೂ ಎಷ್ಟ ಶಿಸ್ತಿಲೆ ಕೂತಿದ್ರು."

ಸಾಲಿಯಲ್ಲಿ ಇನ್‌ಸ್ಪೆಕ್ಟರರಿಗೂ ಸೋಲದ ಮಾಸ್ತರರು ಕ್ಯಾಮೆರಾದ ಹಿಂದೆ ಮುಖ ಮರೆಸಿ ಕಿಂಡಿಗೆ ಕಣ್ಣು ಹಚ್ಚಿದರು. ಮಗನ ಹಟಕ್ಕೆ ರೇವವ್ವ ಕಣ್ಣು ತೆರೆದದ್ದೇನೋ ಹೌದು. ಆದರೆ ಆ ಕರಿ ಮೂತಿಯನ್ನು ನೋಡಿದೊಡನೆ ಅವು ಗೋಡೆಯ ಮೇಲಿನ ಈರಪ್ಪನ ಕಣ್ಣುಗಳಂತೆಯೇ ಅಗಲವಾದವು. ಮುಖ ಮಸುಕಾಗಿ ಕಂಡಿತು, ಮಾಸ್ತರರು ಒಂದು ಬಳೆ ತಿರುವಿದರು. ಬೆಳಕು ಸಾಲದಾಯಿತು, ಇನ್ನೊಂದು ತಿರುವಿದರು. ಎಲ್ಲ ಬರೋಬ್ಬರಿಯಾಗಿ ಗುಂಡಿಯ ಮೇಲೆ ಬೆರಳಿಡುವ ಹೊತ್ತಿಗೆ ರೇವವ್ವ ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದಳು.

"ಆತೇನೋ?"

"ಇನ್ನಾ ಇಲ್ಲ ಬೇ."

"ನಿಮ್ಮಪ್ಪನ ಫೋಟೋದವ ಒಂದ ಸಲಕ್ಕ ಹೊಡದಿದ್ದ."

"ಮಾವನವರು ಮಿಸುಕಾಡಲಿಲ್ಲಲ್ರಿ ಅತ್ತಿ," ಎಂದಳು ಗೌರಕ್ಕ, ಅಡಿಗೆಮನೆಯ ಬಾಗಿಲಿಂದ.

ಹೆಪ್ಪನ್ನೂ ಮರೆತು ಕೂತಿದ್ದ ಹನಮವ್ವ ಆ ಗಾಜು ಯಾಕೆ ಎಂದು ಕೇಳಿದಳು. ಇದರ ಕಣ್ಣು ತೆಗೆದು ಬೇರೆ ಕಣ್ಣು ಹಾಕಬಹುದು ಎಂದು ಮಾಸ್ತರರು ಹೆಮ್ಮೆಯಿಂದ ವಿವರಿಸಿದರು.

"ಬ್ಯಾರೆ ಕಣ್ಣ ಹಾಕತಾರಂತ," ಎಂದಳು ರೇವವ್ವ, ರೆಪ್ಪೆ ಎತ್ತದೆ. "ನಿಮ್ಮಪ್ಪಗ ಹಾಕಿದ್ದ ಸಾಕು."

ಮೂರು ಫೋಟೋ ಹೀಗೆ ಮುಚ್ಚಿದ ಕಣ್ಣಿಗೆ ಹೋದ ಮೇಲೆ ಗೌರಕ್ಕ ಗಂಡನನ್ನು ಬದಿಗೆ ಕರೆದಳು. "ಆ ಸಣ್ಣದು ತರ್ರಿ. ಅದು ಕ್ಯಾಮೆರಾ ಅಂತ ಅತ್ತಿಗೆ ಗೊತ್ತಾಗೂದಿಲ್ಲ. ಮಾತಿಗೆ ಹಚ್ಚತೀನಿ, ಸುಮ್ನ ಒತ್ತಿಬಿಡ್ರಿ."

ತಾಯಿಯ ಮುಖವನ್ನು ಕದ್ದು ಹೊಡೆಯುವುದು ಮಾಸ್ತರರಿಗೆ ಹಿಡಿಸಲಿಲ್ಲ. ದೊಡ್ಡದು ಸೋತಿತು ಎಂದು ಒಪ್ಪುವುದು ಅದಕ್ಕಿಂತ ಹಿಡಿಸಲಿಲ್ಲ. ಆದರೂ ದೊಡ್ಡದನ್ನು ಕೊರಳಿಗೇ ಬಿಟ್ಟು, ಸಣ್ಣದನ್ನು ಕಿಸೆಗೆ ಹಾಕಿಕೊಂಡು ಬಂದು ನಿಂತರು.

"ಅದೇನ ಕಿಸೇದಾಗ?" ಎಂದಳು ರೇವವ್ವ, ಕಣ್ಣು ತೆರೆದವಳೇ. ಕಳ್ಳತನ ಅಲ್ಲಿಗೇ ಮುಗಿಯಿತು.

"ಇದೂ ಕ್ಯಾಮೆರಾ ಬೇ."

"ಲೇ ಮಡಿವಾಳ, ಸಾಬಾಣ ಡಬ್ಬಿಗೆ ಕ್ಯಾಮೆರಾ ಅಂತೀ, ಸಾಲ್ಯಾಗ ಹುಡುಗರಿಗೆ ಏನ ಕಲಸ್ತೀಯೋ? ಕೊಡಿಲ್ಲಿ."

ಕಿಂಡಿ ಎಲ್ಲಿದೆ, ಗುಂಡಿ ಎಲ್ಲಿದೆ ಎಂದು ತೋರಿಸಿದರು. ರೇವವ್ವ ಕುರ್ಚಿಯಲ್ಲಿ ಕೂತಲ್ಲೇ ಕಿಂಡಿಗೆ ಕಣ್ಣಿಟ್ಟು ಸುತ್ತ ತಿರುಗಿಸಿದಳು. ಕಂಬ, ಸೊಸೆ, ಕೊನೆಗೆ ಹನಮವ್ವ.

"ಅಯ್ಯ ಶಿವನ! ಹನಮವ್ವಾ, ನಮ್ಮ ಬಾಗಲದಾಗ ಹಿಡಸದಾಕಿ ಇದರಾಗ ಇಡೀಕಿ ಹಿಡಸೀಯಲ್ಲ ಬೇ!"

"ನಿನ್ನ ಹೆಣಾ ನೋಡಿ ಬಾಯಿ ಮಾಡಕೊಂಡ ಅತ್ತೀನಿ, ಅದರ ಉಪಕಾರ ಐತೇನ ನಿನಗ?" ಹನಮವ್ವ ಸೊಂಟಕ್ಕೆ ಕೈ ಇಟ್ಟಳು. "ಇನ್ನೊಮ್ಮೆ ಸಾಯಿ, ಹೊಳ್ಳಿ ನೋಡಿದ್ರ ಕೇಳ!"

ರೇವವ್ವನಿಗೆ ನಗು ಉಕ್ಕಿತು. ಆ ನಗುವಿಗೆ ಬೆರಳು ಗುಂಡಿಯ ಮೇಲೆ ಒತ್ತಿತು. ಫಳ್ಳೆಂದು ಬೆಳಕು ಹೊಡೆಯಿತು. ಹನಮವ್ವ ಚಿಟ್ಟನೆ ಚೀರಿ, ದೊಪ್ಪನೆ ಕೂತಳು. ರೇವವ್ವ ಡಬ್ಬಿಯನ್ನು ತೊಡೆಯ ಮೇಲಿಳಿಸಿ, ಹೊಟ್ಟೆ ಹಿಡಿದು, ಇದ್ದ ನಾಲ್ಕು ಹಲ್ಲೂ ಕಾಣುವಂತೆ ನಕ್ಕಳು.

ಮಾಸ್ತರರ ಕೊರಳಲ್ಲಿದ್ದ ದೊಡ್ಡ ಕ್ಯಾಮೆರಾದ ಬಳೆಗಳು ಆ ಕುರ್ಚಿಗೆಂದೇ ತಿರುವಿ ಇಟ್ಟಲ್ಲೇ ಇದ್ದವು. ಅವರು ಅದನ್ನೆತ್ತಿ, ಏನನ್ನೂ ತಿರುವದೆ ಒತ್ತಿದರು.

ಎರಡರಲ್ಲೂ ಉಳಿದ ರೀಲನ್ನು ಎತ್ತು, ಬೇವಿನ ಗಿಡ, ಕಟ್ಟೆಯ ಪಂಚರು ಎಂದು ತೀರಿಸಿ, ಹುಬ್ಬಳ್ಳಿಯಲ್ಲಿ ತೊಳೆಸಿ ತಂದರು. ಸಣ್ಣ ಕ್ಯಾಮೆರಾದ ಫೋಟೋದಲ್ಲಿ ಹನಮವ್ವ ಇಡಿಯಾಗಿ ಬಂದಿದ್ದಳು, ತೆರೆದ ಬಾಯಿ ಸಮೇತ. ದೊಡ್ಡದರ ಫೋಟೋದಲ್ಲಿ ರೇವವ್ವನ ಒಂದೊಂದು ಸುಕ್ಕೂ ಎಣಿಸುವಂತೆ ಕಾಣುತ್ತಿತ್ತು. ಆದರೆ ಕಣ್ಣು? ಅವು ನಗುವಿನಲ್ಲಿ ಎರಡು ಗೆರೆಗಳಾಗಿದ್ದವು. ಗೆರೆಗಳ ಒಳಗೆ ಒಂದಿಷ್ಟು ಹೊಳಪು, ಮೂಲೆಯಲ್ಲಿ ನೀರು, ಅಷ್ಟೇ. ಇಷ್ಟೆಲ್ಲ ಒದ್ದಾಡಿ ಕಡೆಗೂ ಕಣ್ಣು ಸಿಗಲಿಲ್ಲವಲ್ಲ ಎಂದು ಮಾಸ್ತರರ ಮುಖ ಇಳಿಯಿತು.

ರೇವವ್ವ ಫೋಟೋವನ್ನು ಬಾಗಿಲ ಬೆಳಕಿಗೆ ಒಯ್ದು ಹಿಡಿದಳು. ಗೋಡೆಯ ಕಡೆ ನೋಡಿದಳು. ಮತ್ತೆ ಫೋಟೋ ನೋಡಿದಳು.

"ನಿಮ್ಮಪ್ಪನ ಕಣ್ಣ ಹೆಂಗಿದ್ದೂ ಅಂತ ಕೇಳತಿದ್ದೆಲ್ಲ. ಇವನ್ನ ನೋಡು. ನಕ್ರ ಹಿಂಗ ಗೆರಿ ಆಗತಿದ್ದೂ."

"ಇವು ನಿನ್ನ ಕಣ್ಣಲ್ಲೇನ ಬೇ?"

"ನಿಮ್ಮಪ್ಪ ನಮ್ಮವ್ವನ ತಮ್ಮ. ಸ್ವಾದರ ಮಾವನ್ನ ಮಾಡಕೊಂಡಾಕಿ ನಾನು. ಒಂದ ಮನಿ ಕಣ್ಣು, ಬ್ಯಾರೆ ಎಲ್ಲಿಂದ ಬರ್ತಾವ?"

ಅಪ್ಪ ತಾಯಿಗೆ ಸೋದರಮಾವ ಎಂಬುದು ಮಾಸ್ತರರಿಗೆ ಬುದ್ಧಿ ಬಂದಾಗಿನಿಂದ ಗೊತ್ತಿತ್ತು. ಆದರೆ ಇಷ್ಟು ವರ್ಷ ಆ ಕಣ್ಣು ತನ್ನ ಎದುರಿಗೇ ರೊಟ್ಟಿ ಬಡಿಯುತ್ತ, ಬೈಯುತ್ತ ಓಡಾಡಿಕೊಂಡಿತ್ತು ಎಂಬುದು ಹೊಳೆದಿರಲಿಲ್ಲ. ಅವರು ಬಹಳ ಹೊತ್ತು ಫೋಟೋ ನೋಡಿದರು. ಆಮೇಲೆ ಅದಕ್ಕೆ ಚೌಕಟ್ಟು ಹಾಕಿಸಿ ಈರಪ್ಪನ ಬಾಜುವಿಗೆ ತೂಗುಹಾಕಿದರು. ಮುಂದಿನ ಸೋಮವಾರ ರೇವವ್ವ ಎರಡೂ ಗಾಜು ಒರೆಸಿದಳು, ಏನೂ ಅನ್ನಲಿಲ್ಲ.

ಒಂದನ್ನು ತಿರುಗಿ ಕೊಡುವ ದಿನ ಬಂತು. ಸಣ್ಣದು ರೇವವ್ವನ ಎಲೆಅಡಿಕೆಯ ಸಂಚಿಯೊಳಗೆ, ಸುಣ್ಣದ ಡಬ್ಬಿಯ ಪಕ್ಕ ಸೇರಿಕೊಂಡಿತ್ತು. ಕೇಳಿದರೆ, "ಇರ್ಲಿ ಬಿಡು. ಅದರಾಗ ನೋಡಿದ್ರ ಹನಮವ್ವ ಅಳತಿಗೆ ಬರ್ತಾಳ," ಎಂದಳು. ಮಾಸ್ತರರು ಚರ್ಮದ ಚೀಲವನ್ನು ಒಮ್ಮೆ ಕೊರಳಿಗೆ ಹಾಕಿ ಕನ್ನಡಿ ನೋಡಿಕೊಂಡರು, ತೆಗೆದು ಕೈಯಲ್ಲಿ ಹಿಡಿದು ಬಸ್ಸು ಹತ್ತಿದರು.

"ಯಾವುದರಾಗ ಚಲೋ ಬಂತ್ರಿ ಫೋಟೋ?" ಎಂದು ಕೇಳಿದರು ಫಕ್ರುಸಾಬರು.

"ದೊಡ್ಡದರಾಗ. ಅಗದಿ ಚಲೋ ಬಂತು."

"ಹಂಗಾರ ಸಣ್ಣದು ತಂದೀರಿ."

"ಇಲ್ರಿ, ದೊಡ್ಡದು ತಂದೀನಿ."

ಫಕ್ರುಸಾಬರು ಕಣ್ಣಿನ ಭೂತಗನ್ನಡಿ ತೆಗೆದು ಮಾಸ್ತರರನ್ನು ಬರಿಗಣ್ಣಿನಿಂದ ನೋಡಿದರು. "ಯಾಕ್ರಿ?"

"ಇದೊಂದ ಇದ್ರ ನಮ್ಮವ್ವ ನಗೂದಿಲ್ರಿ."

ಮಡಿವಾಳೆಪ್ಪ ಮಾಸ್ತರರು ಸಣ್ಣ ಕ್ಯಾಮೆರಾ ಇಟ್ಟುಕೊಂಡರು.