ಹಿಂದಿನ ಎರಡು ಬೋಲ್ಟು

ಥುಪ್ಸ್ತಾನ್ ಸಿಡುಕ. ಲೇಹ್ ಪೇಟೆಯ ಅವನ ಸೈಕಲ್ ಅಂಗಡಿಗೆ ಬಂದು "ಬ್ರೇಕ್ ಸ್ವಲ್ಪ ನೋಡಿ ಆಚೋ" ಎಂದು ಅಣ್ಣನೆನ್ನುತ್ತ ಕೇಳಿದವರ ಮೇಲೆ ಹರಿಹಾಯುತ್ತಿದ್ದ. "ಸ್ವಲ್ಪ ನೋಡೋಕೆ ಅದೇನು ಸಿನಿಮಾನಾ? ಪೂರ್ತಿ ನೋಡೋದಾದ್ರೆ ಬಿಟ್ಟು ಹೋಗಿ, ಇಲ್ಲಾಂದ್ರೆ ತಗೊಂಡು ಹೋಗಿ." ಅಂಥವನು ಆ ಬೆಳಿಗ್ಗೆ ಹೆತ್ತ ಮಗಳ ಸೈಕಲ್ಲನ್ನು ಅರ್ಧಂಬರ್ಧ ನೋಡಿ ಕಳಿಸಿಬಿಟ್ಟ.

ಮಗಳು ಚುಸ್ಕಿತ್‌ಗೆ ಅದು ಕೆಲಸದ ಮೊದಲ ದಿನ. ಜೀಪಿನ ಮೇಲೆ ಸೈಕಲ್ ಹೇರಿಕೊಂಡು ಖರ್ದುಂಗ್ ಲಾ ಎಂಬ ಬೆಟ್ಟದ ದಾರಿಯ ನೆತ್ತಿಗೆ ಹೋಗುವುದು, ಅಲ್ಲಿಂದ ಪ್ರವಾಸಿಗರಿಗೆ ದಾರಿ ತೋರಿಸುತ್ತ ಎಲ್ಲರಿಗಿಂತ ಮುಂದೆ ಲೇಹ್‌ವರೆಗೂ ಇಳಿಯುವುದು. ಮೇಲಿನಿಂದ ಊರು ಮುಟ್ಟುವವರೆಗೂ ಬರೀ ಇಳಿಜಾರು. ಪೆಡಲ್ ತುಳಿಯುವ ಕೆಲಸವೇ ಇಲ್ಲ. ಬ್ರೇಕನ್ನು ನಂಬಿಕೊಂಡೇ ಇಳಿಯಬೇಕು. ರಸ್ತೆಯ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ.

ಹಳೆಯ ಫ್ರೇಮೊಂದನ್ನು ತಂದು ಅವಳಿಗಾಗಿ ಥುಪ್ಸ್ತಾನ್ ತಾನೇ ಸೈಕಲ್ ಕಟ್ಟಿದ್ದ. ಹಿಂದಿನ ಮಧ್ಯಾಹ್ನವೆಲ್ಲ ಕೂತು ಎರಡೂ ಡಿಸ್ಕ್ ಬ್ರೇಕುಗಳನ್ನು ಹೊಂದಿಸಿದ್ದ. ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆ, ಅದನ್ನು ಎರಡೂ ಪಕ್ಕದಿಂದ ಪ್ಯಾಡುಗಳಲ್ಲಿ ಕಚ್ಚುವ ಕ್ಯಾಲಿಪರ್. ಆ ಕ್ಯಾಲಿಪರ್ ನಿಂತಿರುವುದು ಎರಡೇ ಎರಡು ಬೋಲ್ಟಿನ ಮೇಲೆ. ಬೋಲ್ಟು ಸಡಿಲಿಸಿ ಹ್ಯಾಂಡಲಿನ ಬ್ರೇಕ್ ಲಿವರ್ ಹಿಡಿದರೆ ಕ್ಯಾಲಿಪರ್ ತಾನಾಗಿ ತಟ್ಟೆಯ ನೇರಕ್ಕೆ ಬಂದು ಕೂರುತ್ತದೆ. ಆಮೇಲೆ ಈ ಬೋಲ್ಟಿಗೆ ಅಷ್ಟು, ಆ ಬೋಲ್ಟಿಗೆ ಇಷ್ಟು ಅಂತ ಬಿಗಿಯುತ್ತ ಬರಬೇಕು; ಒಂದನ್ನೇ ಒಮ್ಮೆಲೇ ತಿರುಗಿಸಿದರೆ ಓರೆಯಾಗುತ್ತದೆ. ಹಿಂದೆ ಬಿಳಿ ಕಾಗದ ಹಿಡಿದು ಸಂದಿಯಲ್ಲಿ ಇಣುಕಿದರೆ ತಟ್ಟೆಯ ಎರಡೂ ಪಕ್ಕ ಕೂದಲೆಳೆಯಷ್ಟು ಬೆಳಕು ಕಾಣಬೇಕು. ಕಂಡಿತ್ತು. ಚಕ್ರ ತಿರುಗಿಸಿದರೆ ಸದ್ದೇ ಇರಲಿಲ್ಲ.

ಬೆಳಿಗ್ಗೆ ಚುಸ್ಕಿತ್ ಅಂಗಳದಲ್ಲಿ ಒಂದು ಸುತ್ತು ಹೊಡೆದು ಬ್ರೇಕ್ ಹಿಡಿದಳು. ಮುಂದಿನ ಚಕ್ರ ಊಳಿಟ್ಟಿತು.

"ಅಬಾಲೇ, ಇದೇನು ನಾಯಿ ಥರ ಅಳ್ತಿದೆ?"

"ಇಳಿ ಕೆಳಗೆ. ನಿನ್ನೆ ಸರಿಯಿತ್ತು. ನೀನೇ ಏನೋ ಮಾಡಿದೀಯ."

"ನಾನು ನಿದ್ದೆ ಮಾಡಿದೀನಿ. ಅದಕ್ಕೂ ಬೈಯಿ."

ಮುಂದಿನ ಕ್ಯಾಲಿಪರ್ ಬಿಚ್ಚಿ ಮತ್ತೆ ಹೊಂದಿಸಿದ. ಊಳು ನಿಲ್ಲಲಿಲ್ಲ. ಇನ್ನೊಮ್ಮೆ ಹೊಂದಿಸಿದ. ನಿಲ್ಲಲಿಲ್ಲ. ಸದ್ದು ಫ್ರೇಮಿನೊಳಗೆ ಓಡಾಡುತ್ತದೆ, ಹಿಂದಿನದೇ ಮುಂದೆ ಕೇಳಿಸುತ್ತಿರಬಹುದು ಎಂದುಕೊಂಡು ಹಿಂದಿನ ಕ್ಯಾಲಿಪರಿನ ಎರಡು ಬೋಲ್ಟುಗಳನ್ನೂ ಅಲೆನ್ ಕೀಯಿಂದ ಸಡಿಲಿಸಿದ. ಅಷ್ಟರಲ್ಲಿ ಬೀದಿಯಲ್ಲಿ ಜೀಪಿನ ಹಾರ್ನ್ ಮೊಳಗತೊಡಗಿತು. ಓಡಿಸುವವನು ಗುರ್ಮೆತ್, ಬಾಯಿಬಡುಕ.

"ಥುಪ್ಸ್ತಾನ್ ಆಚೋ, ಸೈಕಲ್ ಕಳಿಸ್ತಿದೀಯೋ, ಮಗಳ ಮದುವೆ ದಿಬ್ಬಣ ಹೊರಡಿಸ್ತಿದೀಯೋ? ಬೊಂಬಾಯಿಯೋರು ಇಲ್ಲೇ ಮುದುಕರಾಗ್ತಾರೆ!"

"ಹಾರ್ನ್ ಮೇಲಿಂದ ಕೈ ತೆಗಿಯೋ ಕತ್ತೆ!"

ಗುರ್ಮೆತ್ ಇನ್ನೂ ಉದ್ದಕ್ಕೆ ಬಾರಿಸಿದ. ಥುಪ್ಸ್ತಾನ್‌ಗೆ ತಲೆ ಕೆಟ್ಟಿತು. ಕೈಯಲ್ಲಿದ್ದ ಅಲೆನ್ ಕೀಯನ್ನೇ ಜೀಪಿನ ಚಕ್ರಕ್ಕೆ ಬೀಸಿ ಎಸೆದ. ಜೀಪಿನಲ್ಲಿದ್ದ ನಾಲ್ವರು ಪ್ರವಾಸಿಗರೂ ನಕ್ಕರು. ಅವನು ಬೈಯುತ್ತಲೇ ಸೈಕಲ್ ಎತ್ತಿ ಜೀಪಿನ ನೆತ್ತಿಗೆ ಹಾಕಿದ. "ಪ್ಯಾಡು ಹೊಸದು. ನಾಲ್ಕು ತಿರುವು ಇಳಿದ್ರೆ ತಾನೇ ಸುಮ್ನಾಗುತ್ತೆ," ಎಂದ ಮಗಳಿಗೆ. ಜೀಪು ಹೋಯಿತು.

ಬೇರೆ ಕೆಲಸ ಮುಗಿಸಿ ಗಂಟೆ ಕಳೆದ ಮೇಲೆ ಅವನು ಅಂಗಡಿಯ ಹಿಂದಿನ ಮನೆಯೊಳಗೆ ಬಂದು ಕೂತ. ಅವನ ತಾಯಿ ಉಪ್ಪು ಬೆಣ್ಣೆಯ ಚಹಾ ಬಗ್ಗಿಸಿದಳು. ಮುದುಕಿಯ ಮುಖದಲ್ಲಿ ಎಂದೂ ಇಲ್ಲದ ಗೆಲುವು.

"ಹೆದರ್ಬೇಡ. ನಮ್ಮ ಚುಸ್ಕಿತ್‌ಗೆ ಏನೂ ಆಗಲ್ಲ. ಬೆಳಗಾಗೋಕೆ ಮುಂಚೆ ಎದ್ದು ನಾನು ಸೈಕಲ್ಲಿಗೆ ಬೆಣ್ಣೆ ಇಟ್ಟಿದೀನಿ."

ಹೊಸ ಕಂಬ ನಿಲ್ಲಿಸಿದರೆ ಬೆಣ್ಣೆಯ ಬೊಟ್ಟು, ಮದುಮಗಳ ತಲೆಗೆ ಬೆಣ್ಣೆಯ ಬೊಟ್ಟು, ಬಾರ್ಲಿಯ ಹೆಂಡ ಛಾಂಗ್ ತುಂಬಿದ ಹೂಜಿಯ ಬಾಯಿಗೂ ಬೊಟ್ಟು. ಅದರಲ್ಲಿ ಹೊಸದೇನಿಲ್ಲ. ಆದರೂ ಥುಪ್ಸ್ತಾನನ ಕೈಯಲ್ಲಿ ಬಟ್ಟಲು ನಿಂತಿತು.

"ಎಲ್ಲಿಟ್ಟೆ ಅಮಾಲೇ?"

"ನಿಮ್ಮಪ್ಪ ಕುದುರೆ ತಂದಾಗ ಹಣೆಗೆ ಇಟ್ಟಿದ್ದೆ. ಇದಕ್ಕೆ ಹಣೆ ಎಲ್ಲಿದೆ ಹೇಳು? ಮುಂದೆ ಆ ಹೊಳೆಯೋ ತಟ್ಟೆ ಇದೆಯಲ್ಲ, ಅದೇ ಹಣೆ ಅನ್ಕೊಂಡೆ. ಎರಡೂ ಪಕ್ಕಕ್ಕೆ ಇಟ್ಟೆ. ಚೂರು ಜಾಸ್ತಿನೇ ಇಟ್ಟೆ. ಹಿಂದೆ ಚೈನಿನ ಕರೀ ಎಣ್ಣೆ ಮೆತ್ಕೊಂಡಿತ್ತು, ಮುಟ್ಟಲಿಲ್ಲ."

ಬೆಳಿಗ್ಗೆ ಬ್ರೇಕ್ ಹೊಂದಿಸುವಾಗ ಬೆಣ್ಣೆಯ ವಾಸನೆ ಅವನ ಮೂಗಿಗೆ ಬಡಿಯದೆ ಇರಲಿಲ್ಲ. ಆದರೆ ಆ ಮನೆಯಲ್ಲಿ ಗೋಡೆಯೂ ಬೆಣ್ಣೆ ನಾರುತ್ತದೆ, ಯಾರು ಗಮನಿಸುತ್ತಾರೆ? ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಹೊಳೆಯಿತು. ಬೆಣ್ಣೆ ಕುಡಿದ ಪ್ಯಾಡು ಕಚ್ಚುವುದಿಲ್ಲ. ಮುಂದಿನ ಬ್ರೇಕು ಸತ್ತ ಹಾಗೆ. ಇನ್ನು ಹಿಂದಿನದೊಂದೇ.

ಹಿಂದಿನದು.

ಎದ್ದು ಬೀದಿಗೆ ಓಡಿದ. ಚರಂಡಿಯ ಪಕ್ಕ ಅಲೆನ್ ಕೀ ಬಿದ್ದಿತ್ತು. ಎಸೆದ ಮೇಲೆ ಅದನ್ನು ಅವನು ಹೆಕ್ಕಿಕೊಂಡಿರಲೇ ಇಲ್ಲ. ಹಾಗಾದರೆ ಹಿಂದಿನ ಬೋಲ್ಟುಗಳನ್ನು ಯಾವುದರಿಂದ ಬಿಗಿದ? ಬಿಗಿದಿರಲಿಲ್ಲ.

ಮಗಳ ಫೋನಿಗೆ ಹಚ್ಚಿದ. ಹತ್ತಲಿಲ್ಲ. ಗುರ್ಮೆತ್‌ನದೂ ಹತ್ತಲಿಲ್ಲ. ರಿಪೇರಿಗೆ ಬಂದಿದ್ದ ಒಂದು ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ ಬೆನ್ನಿಗೆ ಕಟ್ಟಿಕೊಂಡ, ಆ ಕೀಯನ್ನೂ ಹೊಸ ಪ್ಯಾಡುಗಳನ್ನೂ ಜೇಬಿಗೆ ಹಾಕಿಕೊಂಡ, ಪಕ್ಕದ ಅಂಗಡಿಯವನ ಮೋಟಾರ್ ಬೈಕನ್ನು ಕೇಳದೆಯೇ ತೆಗೆದುಕೊಂಡು ಹೊರಟ. ಹಿಂದಿನಿಂದ ಅವನ ತಾಯಿ "ಚಹಾ ಆರ್ತಿದೆ" ಎಂದು ಕೂಗುತ್ತಿದ್ದಳು.

ಗಂಗ್ಲೆಸ್ ಹಳ್ಳಿ ದಾಟಿದ ಮೇಲೆ ಮರವಿಲ್ಲ, ಮನೆಯಿಲ್ಲ. ಒಂದೊಂದು ತಿರುವಿನಲ್ಲೂ ಅವನ ಕಣ್ಣು ತಡೆಗೋಡೆಯಿಲ್ಲದ ಅಂಚಿಗೇ ಹೋಗುತ್ತಿತ್ತು. ಸಡಿಲ ಕ್ಯಾಲಿಪರ್ ಏನು ಮಾಡುತ್ತದೆ ಎಂದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಲೇಹ್‌ನಲ್ಲಿ ಇರಲಿಲ್ಲ. ಮೊದಲು ಗಡಗಡ ಅನ್ನುತ್ತದೆ. ಆಮೇಲೆ ಒಂದು ಬೋಲ್ಟು ಉದುರುತ್ತದೆ. ಆಮೇಲೆ ಕ್ಯಾಲಿಪರ್ ತಟ್ಟೆಯ ಜೊತೆಗೇ ತಿರುಗಿ ಕಡ್ಡಿಗಳೊಳಗೆ ಸಿಕ್ಕಿಬಿದ್ದು ಚಕ್ರವನ್ನು ನಿಂತಲ್ಲೇ ನಿಲ್ಲಿಸುತ್ತದೆ. ಗೊತ್ತಿದ್ದದ್ದೇ ತಪ್ಪಾಯಿತು. ಗೊತ್ತಿಲ್ಲದ ಅಪ್ಪನಾಗಿದ್ದರೆ ಇಷ್ಟು ಕಾಣುತ್ತಿರಲಿಲ್ಲ. ಎದುರಿಗೆ ಬಂದ ಮಿಲಿಟರಿ ಲಾರಿಗಳಿಗೆ ಕೈ ಅಡ್ಡ ಹಾಕಿ "ಸೈಕಲ್ಲಿನ ಹುಡುಗಿ ಕಂಡ್ಲಾ?" ಎಂದು ಕೂಗಿದ. ಯಾರಿಗೂ ಕೇಳಿಸಲಿಲ್ಲ.

ತಪಾಸಣೆ ಠಾಣೆ ದಾಟಿ ಮೇಲೆ ಹೋದಂತೆ ರಸ್ತೆಯ ಡಾಂಬರು ಕಿತ್ತುಹೋಗಿತ್ತು, ಪಕ್ಕದಲ್ಲಿ ಹಿಮ ರಾಶಿ ಬಿದ್ದಿತ್ತು. ಅಲ್ಲೊಂದು ತಿರುವಿನಲ್ಲಿ ಗುರ್ಮೆತ್‌ನ ಜೀಪು ನಿಂತಿತ್ತು. ಬೊಂಬಾಯಿಯ ನಾಲ್ವರು, ಅವರ ಜೊತೆ ಗುರ್ಮೆತ್, ಎಲ್ಲರೂ ರಸ್ತೆಯಂಚಿನಲ್ಲಿ ನಿಂತು ಕೆಳಗೆ ನೋಡುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಬಾಯಿಬಡುಕ ಗುರ್ಮೆತ್ ಕೂಡ.

ಥುಪ್ಸ್ತಾನ್‌ಗೆ ಮೋಟಾರ್ ಬೈಕಿಗೆ ಸ್ಟ್ಯಾಂಡ್ ಹಾಕುವುದೂ ಮರೆತುಹೋಯಿತು. ಅದು ಪಕ್ಕಕ್ಕೆ ಬಿತ್ತು. ಮಗಳ ಹೆಸರು ಕರೆಯಬೇಕು. ಕರೆದು ಉತ್ತರ ಬಾರದಿದ್ದರೆ? ಅವನು ಕರೆಯಲಿಲ್ಲ.

"ಅಬಾಲೇ?"

ಜೀಪಿನ ಆ ಪಕ್ಕ, ಗುಡ್ಡಕ್ಕೆ ಒರಗಿ ಚುಸ್ಕಿತ್ ಕೂತಿದ್ದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು. ತುಟಿ ಬೆಳ್ಳಗಾಗಿತ್ತು. ಮುಂದೆ ಸೈಕಲ್ ತಲೆಕೆಳಗಾಗಿ ನಿಂತಿತ್ತು.

"ಅವರೇನು ನೋಡ್ತಿದಾರೆ?" ಅಂತಷ್ಟೇ ಕೇಳಲು ಅವನಿಂದಾಯಿತು.

"ನನ್ನ ನೀರಿನ ಬಾಟ್ಲಿ. ಬಿದ್ದಾಗ ಅಂಚಿನಾಚೆ ಹಾರಿಹೋಯ್ತು. ಕೆಳಗೆ ತಾಗಿದ ಸದ್ದು ಯಾರಿಗೂ ಕೇಳಿಸಲಿಲ್ವಂತೆ." ಅವಳು ಸೈಕಲ್ಲಿನ ಕಡೆ ತಿರುಗಿದಳು. "ಹಿಂದುಗಡೆ ಗಡಗಡ ಅಂತು. ಮುಂದಿನದು ಹಿಡಿದ್ರೆ ಬರೀ ಊಳು, ನಿಲ್ತಾನೇ ಇಲ್ಲ. ಬೇಕಂತಲೇ ಗುಡ್ಡದ ಕಡೆ ಬಿದ್ದೆ. ಹಿಂದಿನ ಬೋಲ್ಟು ಸಡಿಲ ಇತ್ತು, ಅಬಾಲೇ. ಎರಡೂ."

"ನಾನೇ ಬಿಗೀಲಿಲ್ಲ."

"ಗೊತ್ತು. ಕೀ ಎಸೆದ್ಯಲ್ಲ, ಈಗ ನೆನಪಾಯ್ತು."

"ಬೈಯಿ."

"ಆಮೇಲೆ ಬೈತೀನಿ."

ಗುರ್ಮೆತ್ ಮೆಲ್ಲಗೆ ಬಂದು, "ಆಚೋ, ಇವತ್ತು ಇವಳು ಜೀಪಲ್ಲೇ ಬರಲಿ," ಎಂದ. ಥುಪ್ಸ್ತಾನನೂ ಅದನ್ನೇ ಹೇಳಲಿದ್ದ.

"ಇವತ್ತು ಜೀಪ್ ಹತ್ತಿದ್ರೆ ಇನ್ಯಾವತ್ತೂ ನಾನು ಸೈಕಲ್ ಹತ್ತಲ್ಲ," ಎಂದಳು ಚುಸ್ಕಿತ್. "ಅದು ನನಗೆ ಗೊತ್ತು."

ಅಪ್ಪ ಬೆನ್ನಿನ ಚಕ್ರ ಬಿಚ್ಚಿದ. ಬೆಣ್ಣೆ ಮೆತ್ತಿದ ಚಕ್ರ ತೆಗೆದು ಅದನ್ನು ಕೂರಿಸಿ, ಪ್ಯಾಡು ಬದಲಿಸಿದ. ತಟ್ಟೆ ಬೇರೆ ಬಂದದ್ದರಿಂದ ಕ್ಯಾಲಿಪರನ್ನು ಹೊಸದಾಗಿ ಹೊಂದಿಸಬೇಕಿತ್ತು. ಕೀಯನ್ನು ಬೋಲ್ಟಿನ ತಲೆಗೆ ಇಡಲು ಹೋದ. ಜಾರಿತು. ಮತ್ತೆ ಇಟ್ಟ. ಮತ್ತೆ ಜಾರಿತು. ಚುಸ್ಕಿತ್ ಅವನ ಕೈಯಿಂದ ಕೀ ತೆಗೆದುಕೊಂಡಳು. ಅವನು ಲಿವರ್ ಒತ್ತಿ ಹಿಡಿದ. ಅವಳು ಈ ಬೋಲ್ಟಿಗಷ್ಟು, ಆ ಬೋಲ್ಟಿಗಿಷ್ಟು ಬಿಗಿಯುತ್ತ ಬಂದಳು. ಕಾಗದ ಬೇಕಾಗಲಿಲ್ಲ. ಹಿಂದೆ ಹಿಮವಿತ್ತು. ಕೆನ್ನೆಗೆ ಕೆನ್ನೆ ತಾಗಿಸಿ ಇಬ್ಬರೂ ಸಂದಿಯಲ್ಲಿ ಇಣುಕಿದರು. ತಟ್ಟೆಯ ಎರಡೂ ಪಕ್ಕ ತೆಳ್ಳಗೆ ಬಿಳಿ ಕಂಡಿತು.

ಹಿಂದಿನ ಎರಡು ಬೋಲ್ಟುಗಳನ್ನು ಅಪ್ಪ ಬರುವ ಮೊದಲೇ ಅವಳು ತನ್ನ ಚೀಲದ ಕೀಯಿಂದ ಬಿಗಿದಿದ್ದಳು. ಅವನು ಕೀ ಹಾಕಿ ಮತ್ತೆ ತಿರುಗಿಸಿ ನೋಡಿದ. ನೋಡಿ ಎದ್ದವನು ಮತ್ತೆ ಕೂತು ನೋಡಿದ.

"ಸಾಕು ಅಬಾಲೇ, ತಿರುಪು ತುಂಡಾಗುತ್ತೆ."

ಅವಳು ಮುಂದೆ, ಹಿಂದೆ ನಾಲ್ವರು, ಕೊನೆಗೆ ಜೀಪು ಎಂದು ಗುರ್ಮೆತ್ ಹೇಳಿದ. ಥುಪ್ಸ್ತಾನ್ ಕೇಳಲಿಲ್ಲ. ಬೈಕನ್ನು ಮಗಳ ಹಿಂದೆಯೇ ತಂದ. ಮೊದಲ ತಿರುವಿನಲ್ಲಿ ಅವಳು ಬ್ರೇಕ್ ಹಿಡಿದಳು. ಬೈಕಿನ ಗದ್ದಲದಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ. ಅವನು ಇಂಜಿನ್ ಆರಿಸಿದ. ಇಳಿಜಾರಿನಲ್ಲಿ ಬೈಕು ಸದ್ದಿಲ್ಲದೆ ಉರುಳತೊಡಗಿತು. ಗಾಳಿ, ಕಲ್ಲಿನ ಮೇಲೆ ಚಕ್ರ, ಅದರ ನಡುವೆ ಲಿವರ್ ಹಿಡಿದಾಗಲೆಲ್ಲ ತಟ್ಟೆಯ ಸಣ್ಣ ಸರ್ ಸದ್ದು. ಅದು ನಿಂತಾಗಲೆಲ್ಲ ಅವನು ಉಸಿರು ಬಿಗಿಹಿಡಿಯುತ್ತಿದ್ದ. ಊರು ಕಾಣುವವರೆಗೂ ಅವನು ಇಂಜಿನ್ ಹಚ್ಚಲಿಲ್ಲ.